ಕೆಂಪು ಪರದೆಯ ಮೇಲಿನ ಹೆಸರು

ಐಸ್ ಪ್ಲಾಂಟಿನ ಅಮೋನಿಯಾ ವಾಸನೆ ಗಾಳಿಯಲ್ಲಿ ಬಂತೆಂದರೆ ನನ್ನ ಬಲಗೈ ಈಗಲೂ ತನ್ನಷ್ಟಕ್ಕೆ ಫೋನನ್ನು ಹುಡುಕುತ್ತದೆ. ಕಳೆದ ವಾರ ಬೈಂದೂರಿನಿಂದ ಬಸ್ಸಿನಲ್ಲಿ ಬರುವಾಗಲೂ ಹಾಗೇ ಆಯಿತು. ಮಳೆ ಹಿಡಿದಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಹೊರಗಿನದೇನೂ ಕಾಣುತ್ತಿರಲಿಲ್ಲ. ಬಸ್ಸು ಎಲ್ಲಿದೆ ಎಂದು ನನಗೆ ಹೇಳಿದ್ದು ಮೂಗಿಗೆ ಚುಚ್ಚಿದ ಆ ವಾಸನೆಯೇ. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, "ಎಂತ ಆಯ್ತ್ ಮರಾಯ್ತಿ, ತಲಿ ತಿರ್ಗತ್ತಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿ ಫೋನ್ ತೆರೆದೆ. ಪರದೆ ಹಸಿರಾಗಿತ್ತು. ಆಮೇಲೆ ಉಸಿರು ಬಿಟ್ಟೆ.

ಮೂರು ಮಳೆಗಾಲ ಕಳೆದವು. ಆಗ ನಾನು ಕುಂದಾಪುರದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದೆ. ದಿನಾ ಬಿಜೂರಿನಿಂದ ಹೋಗಿ ಬರುವುದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಪ್ರದೀಪ ಕೊಕ್ಕರ್ಣೆಯ ಕಡೆಯವನು. ಗದ್ದೆ ಬೇಸಾಯದ ಮನೆ. ಆಪ್ ಬರೆಯುವುದರಲ್ಲಿ ಅವನ ಕೈ ಚುರುಕು, ಕಡಲಿನ ವಿಷಯದಲ್ಲಿ ಮಾತ್ರ ಏನೂ ತಿಳಿಯದು. ನಮ್ಮ ಕಡಲ ದಡಕ್ಕೆ ಮೊದಲ ಸಲ ಬಂದ ದಿನ ಬೂಟು ಹಾಕಿಕೊಂಡೇ ನೀರಿನ ಅಂಚಿಗೆ ಹೋಗಿ, ಒಂದೇ ತೆರೆಗೆ ಮೊಣಕಾಲವರೆಗೆ ಒದ್ದೆಯಾಗಿದ್ದ. ಅವತ್ತಿನಿಂದ ದೋಣಿಯವರಿಗೆಲ್ಲ ಅವನು 'ಬೂಟ್ ಮಾಷ್ಟ್ರು'. ನಾನು ಟೀಚರು.

ನಾವಿಬ್ಬರೂ ಸೇರಿ ಮಾಡಿದ ಆಪಿನ ಹೆಸರು 'ಅಳಿವೆ'. ಹೊಳೆ ಕಡಲಿಗೆ ಸೇರುವ ಬಾಯಿಗೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ಮೀನು ಹಿಡಿಯಲು ಅನುಮತಿಯಿಲ್ಲ, ನಾಡದೋಣಿಗಳದ್ದೇ ದರ್ಬಾರು. ಆ ದೋಣಿಗಳು ಹೊಳೆಯಿಂದ ಕಡಲಿಗೆ ಹೋಗಬೇಕಾದರೂ ಕಡಲಿನಿಂದ ಒಳಗೆ ಬರಬೇಕಾದರೂ ಅಳಿವೆ ದಾಟಬೇಕು. ಹೊಳೆಯ ಕೆಂಪು ನೀರು ಹೊರಗೆ ನುಗ್ಗುತ್ತದೆ, ಕಡಲು ಒಳಗೆ ನುಗ್ಗುತ್ತದೆ, ನಡುವೆ ಮರಳಿನ ದಿಬ್ಬ. ದೊಡ್ಡ ತೆರೆಗಳು ಒಂದರ ಹಿಂದೆ ಒಂದು ಗುಂಪಾಗಿ ಬಂದು ಹೋಗುತ್ತವೆ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ನುಸುಳಿಬಿಡಬೇಕು. ಬಿಡುವು ಯಾವಾಗ ಎಂಬುದು ದೋಣಿಯಲ್ಲಿ ಕೂತವರಿಗಿಂತ ದಡದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಕಲ್ಲಿನ ತಡೆಗೋಡೆಯ ತುದಿಯಲ್ಲಿ ಹಿರಿಯರೊಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲುವುದು ಹಿಂದಿನಿಂದ ಬಂದ ಪದ್ಧತಿ. ಬಟ್ಟೆ ಬೀಸಿದರೆ ತಡೆ, ಇಳಿಸಿದರೆ ಹೊರಡು. ಮಳೆ ಜೋರಾಗಿ ಸುರಿದಾಗ ಮಾತ್ರ ಬಟ್ಟೆ ಕಾಣುವುದಿಲ್ಲ. ನಮ್ಮ ಆಪ್ ಮಾಡುತ್ತಿದ್ದುದು ಇಷ್ಟೇ: ಬಟ್ಟೆ ಹಿಡಿದು ದಡದಲ್ಲಿ ನಿಲ್ಲುತ್ತಿದ್ದ ನಾರ್ಣಜ್ಜ ತಮ್ಮ ಫೋನಿನಲ್ಲಿ ಕೆಂಪು ಒತ್ತಿದರೆ ದೋಣಿಗಳಲ್ಲಿದ್ದ ಫೋನುಗಳೆಲ್ಲ ಬಡಿದುಕೊಳ್ಳುತ್ತಿದ್ದವು.

ನಾರ್ಣಜ್ಜ ಮೀನುಗಾರಿಕೆ ಬಿಟ್ಟು ವರ್ಷಗಳಾಗಿದ್ದವು. ಸೊಂಟ ಬಗ್ಗಿತ್ತು, ಕಣ್ಣು ಬಗ್ಗಿರಲಿಲ್ಲ. ಅವರಿಗೆ ಪ್ರದೀಪ ಫೋನ್ ಕೊಟ್ಟ ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ನ ಬೀಸುದಾ, ಒತ್ತುದಾ?" ಎಂದಿದ್ದರು.

ಆಪ್ ನಡೆಸುವ ಖರ್ಚನ್ನು ಹೊತ್ತವರು ಐಸ್ ಪ್ಲಾಂಟಿನ ರಾಜೀವ ಶೆಟ್ರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು. ಕೇಳಿದವರಿಗೆ ಇಲ್ಲ ಎನ್ನುತ್ತಿರಲಿಲ್ಲ. ಊರಿನ ಬಸ್ ಸ್ಟ್ಯಾಂಡು, ಶಾಲೆಯ ನೀರಿನ ಟ್ಯಾಂಕು, ಭಜನಾ ಮಂದಿರದ ಫ್ಯಾನು, ಎಲ್ಲದರ ಮೇಲೂ 'ಕೊಡುಗೆ' ಎಂದು ಬರೆದು ಅವರ ಹೆಸರಿತ್ತು. ಇದರಲ್ಲಿ ಹೆಚ್ಚೇನೂ ಇಲ್ಲ. ನಮ್ಮ ಕಡೆ ಕೊಟ್ಟವರ ಹೆಸರು ಬರೆಯದೆ ಒಂದು ಕುರ್ಚಿಯನ್ನೂ ಯಾರೂ ಇಡುವುದಿಲ್ಲ. ಶೆಟ್ರ ದೂರು ಒಂದೇ. "ಫ್ಯಾನಿಗೆ ಹೆಸ್ರ್ ಬರ್ಸ್ದೆ ಕಾಣಿ, ಅದ್ ತಿರ್ಗುಕೆ ಸುರು ಆರೆ ಹೆಸ್ರೇ ಕಾಂತಿಲ್ಲೆ. ಬರೀ ಗಾಳಿ." ಆಪಿನಲ್ಲಿ ಹಾಗಾಗಬಾರದು ಎಂದು ಅವರ ಆಸೆ. ಕೊಟ್ಟವರ ಹೆಸರು ಮೊದಲು ಬರುವುದು ರೂಢಿ ತಾನೇ ಎಂದು ನಾವೂ ಎಲ್ಲ ಸಂದೇಶಗಳ ಆರಂಭದಲ್ಲೇ 'ರಾಜೀವ ಐಸ್ ಪ್ಲಾಂಟ್ ಕೊಡುಗೆ' ಎಂದು ಹಾಕಿದೆವು. ಅದು ನೆಟ್ಟಗೇ ಕಾಣುತ್ತಿತ್ತು. ಯಾರಿಗೂ ವಿಚಿತ್ರ ಅನಿಸಲಿಲ್ಲ.

ಆ ವರ್ಷ ಮಳೆ ಸ್ವಲ್ಪ ತಡವಾಗಿ ಹಿಡಿಯಿತು. ಕಡಲಿಗೆ ದೋಣಿ ಇಳಿಸಿದ ಮೊದಲ ವಾರದಲ್ಲೇ, ಒಂದು ಬೆಳಿಗ್ಗೆ, ಆಪ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಸಣ್ಣದೊಂದು ವಿಡಿಯೊ ಬೇಕೆಂದು ನಾನು ತಡೆಗೋಡೆಯ ಮೇಲೆ ನಾರ್ಣಜ್ಜನ ಪಕ್ಕ ನಿಂತಿದ್ದೆ. ಗಣಪಣ್ಣನ ದೋಣಿ ಮೀನು ಹಿಡಿದು ವಾಪಸು ಬರುತ್ತಿತ್ತು. ಒಳಗೆ ನಾಲ್ಕು ಜನ. ಎಂಜಿನ್ನಿನ ಹತ್ತಿರ ಗಣಪಣ್ಣ, ಕೊರಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುವ ಫೋನು. ನಾನು ಫೋನನ್ನು ಅಡ್ಡ ಹಿಡಿದು ಅವನತ್ತ ಝೂಮ್ ಮಾಡಿದ್ದೆ.

"ಬಂತ್, ಬಂತ್, ದೊಡ್ಡದ್ ಬಂತ್," ಎಂದು ನಾರ್ಣಜ್ಜ ಕೆಂಪು ಒತ್ತಿದರು.

ದೋಣಿ ನಿಲ್ಲಲಿಲ್ಲ. ನಾರ್ಣಜ್ಜ ಇನ್ನೊಮ್ಮೆ ಒತ್ತಿದರು. ಆಮೇಲೆ ಫೋನನ್ನು ಕಲ್ಲಿನ ಮೇಲೆ ಬಿಟ್ಟು ಎರಡೂ ಕೈ ಎತ್ತಿ ಕೂಗಿದರು. ತೆರೆ ದೋಣಿಯ ಹಿಂದಿನಿಂದ ಎದ್ದಿತು. ಅದು ಬೀಳುವ ಮೊದಲು ಒಂದು ಕ್ಷಣ ದೋಣಿ ಏನೂ ಆಗದ ಹಾಗೆ, ಯಾರೋ ಕೈಯಲ್ಲಿ ಎತ್ತಿ ಹಿಡಿದ ಹಾಗೆ, ನೀರಿನ ನೆತ್ತಿಯ ಮೇಲೆ ಕೂತಿತ್ತು. ಒಳಗಿದ್ದವರ ಮುಖಗಳೆಲ್ಲ ದಡದ ಕಡೆಗಿದ್ದವು. ಆಮೇಲೆ ದೋಣಿಯ ಹೊಟ್ಟೆ ಕಂಡಿತು. ಕಪ್ಪು ಟಾರು ಬಳಿದ ಹೊಟ್ಟೆ.

ಈಗಲೂ ನನಗೆ ಬರುವುದು ತೆರೆ ಬಿದ್ದ ಸದ್ದಲ್ಲ, ಎಂಜಿನ್ನಿನ ಸದ್ದು. ನೀರಿನಿಂದ ಹೊರಗೆ ಬಂದ ಪಂಖ ಗಾಳಿಯಲ್ಲಿ ಕಿರುಚಿದ ಸದ್ದು. ಮಿಕ್ಸಿ ಖಾಲಿ ತಿರುಗಿದರೆ ಹಾಗೇ ಕೇಳುತ್ತದೆ. ಅಮ್ಮ ಚಟ್ನಿ ಅರೆಯುವಾಗ ನಾನು ಹೊರಗೆ ಹೋಗುತ್ತೇನೆ.

ಹೊಳೆಯಲ್ಲಿ ಕಾದು ನಿಂತಿದ್ದ ಬೇರೆ ದೋಣಿಯವರು ನುಗ್ಗಿದರು. ದಡದಿಂದ ಹಗ್ಗ, ಟ್ಯೂಬು ಎಸೆದರು. ಮೂವರು ಸಿಕ್ಕಿದರು. ಗಣಪಣ್ಣ ಬಲೆಯ ಕೆಳಗೆ ಸಿಕ್ಕಿಕೊಂಡಿದ್ದ. ಕೊನೆಗೆ ಅವನನ್ನು ಎಳೆದು ತಂದು ಮರಳಿನ ಮೇಲೆ ಕವುಚಿ ಮಲಗಿಸಿದಾಗ ಅವನ ತುಟಿ ನೀಲಿಯಾಗಿತ್ತು. ನಾರ್ಣಜ್ಜ ಬೆನ್ನಿಗೆ ಹೊಡೆಯುತ್ತಾ, "ಏಳಾ, ಏಳಾ, ಏಳಾ ಗಣಪ," ಎನ್ನುತ್ತಲೇ ಇದ್ದರು. ಅವನು ನೀರು ಕಕ್ಕಿ ಕೆಮ್ಮಿದ. ನಾನು ಕೂತುಬಿಟ್ಟೆ. ಕೈಯಲ್ಲಿದ್ದ ನನ್ನ ಫೋನು ಆಗಲೂ ವಿಡಿಯೊ ತೆಗೆಯುತ್ತಲೇ ಇತ್ತೆಂದು ಆಮೇಲೆ ತಿಳಿಯಿತು.

ಅವನ ಹೆಗಲ ಮೂಳೆ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: "ಫೋನ್ ಬಡ್ಕಂಡದ್ದೇ ಇಲ್ಲ." ಊರು ನಂಬಿತು. ನಾರ್ಣಜ್ಜ ಸರಿಯಾಗಿ ಒತ್ತಿಲ್ಲ ಎಂದರು ಕೆಲವರು, ಆಪೇ ಸುಳ್ಳು ಎಂದರು ಕೆಲವರು. ನಾರ್ಣಜ್ಜ ಹಳೆಯ ಕೆಂಪು ಬಟ್ಟೆಯನ್ನು ಮತ್ತೆ ಬಿದಿರಿಗೆ ಕಟ್ಟಿದರು.

ಯಾವ ಸಂದೇಶ ಯಾವ ಫೋನಿಗೆ ಹೋಯಿತೆಂಬ ಲೆಕ್ಕವನ್ನು ಪ್ರದೀಪ ತೆಗೆದು ನೋಡಿದ. ಸಂದೇಶ ಗಣಪಣ್ಣನ ಫೋನಿಗೆ ಹೋಗಿತ್ತು. ಹೋದದ್ದು ಕಾಣದಿದ್ದರೆ ನಾವೇ ಕಾಣುವ ಹಾಗೆ ಮಾಡಬೇಕು ಎಂದು ಅವನು ಕೂತ. ಮೇಲಿಂದ ಇಣುಕಿ ಹೋಗುವ ಸಣ್ಣ ಪಟ್ಟಿಯ ಬದಲು ಇಡೀ ಪರದೆ ಕೆಂಪಾಗಬೇಕು, ಫೋನು ಮೌನದಲ್ಲಿದ್ದರೂ ಕೂಗಬೇಕು, ಅರ್ಧ ನಿಮಿಷ ಯಾರು ಏನು ಒತ್ತಿದರೂ ಹೋಗಬಾರದು. ದೊಡ್ಡ ತೆರೆಗಳ ಗುಂಪು ಅಷ್ಟರಲ್ಲಿ ದಾಟಿಹೋಗುತ್ತದೆ ಎಂದು ನಾರ್ಣಜ್ಜನನ್ನೇ ಕೇಳಿ ತಿಳಿದದ್ದು. ಬೇಗ ಬೇಗ ಮಾಡಿ ಆಪ್ ಸ್ಟೋರಿಗೆ ಕಳಿಸಿದೆವು.

ರಿಜೆಕ್ಟ್ ಆಯಿತು.

ಕಾರಣ ಓದಿ ಪ್ರದೀಪ ನಕ್ಕ. ಸ್ಟೋರಿನವರು ಬರೆದದ್ದರ ಸಾರ ಇದು: ಬಳಸುವವರು ನಿರೀಕ್ಷಿಸದ ಹೊತ್ತಿನಲ್ಲಿ ಇಡೀ ಪರದೆಯನ್ನು ಆವರಿಸುವ, ಮುಚ್ಚಲು ಬಾರದ ಜಾಹೀರಾತನ್ನು ನಿಮ್ಮ ಆಪ್ ತೋರಿಸುತ್ತದೆ, ಇದು ನಮ್ಮ ಜಾಹೀರಾತು ನಿಯಮಕ್ಕೆ ವಿರುದ್ಧ.

"ಜಾಹೀರಾತಾ? ನಮ್ಮಲ್ಲಿ ಜಾಹೀರಾತು ಎಲ್ಲಿದೆ ಟೀಚರೇ? ಒಂದು ರೂಪಾಯಿ ಹುಟ್ಟಿದ್ದರೆ ನಾನೇ ಹೇಳುತ್ತಿರಲಿಲ್ಲವಾ?"

ನಾನು ಮೇಲ್ಮನವಿ ಬರೆದೆ. ಇದು ಜಾಹೀರಾತಲ್ಲ, ಜೀವ ಉಳಿಸುವ ಎಚ್ಚರಿಕೆ ಎಂದು. ಉತ್ತರ ಬಂತು, ಅದೇ ಹಿಂದಿನ ಮಾತುಗಳು, ಅದೇ ಸಾಲುಗಳು. ಮತ್ತೆ ಬರೆದೆ. ಅಳಿವೆ ಎಂದರೆ ಏನು, ತೆರೆಯ ಬಿಡುವು ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ವಿವರಿಸುವಾಗ, ಎಲ್ಲೋ ಎಸಿ ಕೋಣೆಯಲ್ಲಿ ಕೂತ ಒಬ್ಬರ ಕಣ್ಣ ಮುಂದೆ ನಮ್ಮ ಕೆಂಪು ನೀರನ್ನು ಹೇಗೆ ತರುವುದೆಂದು ತಿಳಿಯದೆ ಒದ್ದಾಡಿದೆ. ಮತ್ತೆ ಅದೇ ಉತ್ತರ. ಅಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎಂಬ ಅನುಮಾನ ಬಂತು.

ಅಷ್ಟರಲ್ಲಿ ದೋಣಿಗಳೇನೂ ನಿಲ್ಲಲಿಲ್ಲ. ವರ್ಷದ ಆದಾಯವೆಲ್ಲ ಮಳೆಗಾಲದ ಆ ಎರಡು ತಿಂಗಳಲ್ಲೇ ಆಗಬೇಕು. ನಾನು ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತುವ ಮೊದಲು ತಡೆಗೋಡೆಗೆ ಹೋಗಿ ನಾರ್ಣಜ್ಜನ ಜೊತೆ ನಿಲ್ಲತೊಡಗಿದೆ. ಅವರ ಕೈ ಸೋತಾಗ ಬಿದಿರು ನಾನು ಹಿಡಿದೆ. ಬಟ್ಟೆ ಹಳತಾಗಿ ಬಣ್ಣ ಬಿಟ್ಟಿತ್ತು, ಹಾಗಾಗಿ ನನ್ನ ಚೂಡಿದಾರದ ಕೆಂಪು ಶಾಲನ್ನೇ ಕಟ್ಟಿದೆ. ಪ್ರತಿ ದೋಣಿ ತೆರೆಯ ನೆತ್ತಿಗೆ ಏರಿದಾಗ ಬಿದಿರನ್ನು ಎರಡೂ ಕೈಯಲ್ಲಿ ಅವುಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚುವ ಹಾಗಿರಲಿಲ್ಲ.

"ಹೆದ್ರಿಕಿ ಆರೆ ಮನಿಗ್ ಹೋಯ್ಲಕ್ಕಲೆ, ಹೆಣೆ," ಎಂದರು ನಾರ್ಣಜ್ಜ ಒಂದು ದಿನ.

"ಹೋತಿಲ್ಲೆ ಅಜ್ಜ."

"ಹಾಂಗಾರೆ ಬಿದ್ರ್ ನೆಟ್ಟಗೆ ಹಿಡಿ."

ಪ್ರದೀಪನಿಗೂ ನನಗೂ ಜಗಳವಾದದ್ದು ಆ ದಿನಗಳಲ್ಲೇ. ಮೂಲೆಯಲ್ಲಿ ಮುಚ್ಚುವ ಗುರುತೊಂದನ್ನು ಕೊಟ್ಟುಬಿಡೋಣ, ಸ್ಟೋರಿನವರು ಒಪ್ಪುತ್ತಾರೆ, ಇವತ್ತೇ ಕಳಿಸುತ್ತೇನೆ ಎಂದ ಅವನು.

"ಮುಚ್ಚಲು ಬಂದರೆ ಮುಚ್ಚುತ್ತಾರೆ. ಮತ್ತೆ ಅದನ್ನು ಮಾಡಿದ್ದು ಯಾಕೆ?"

"ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಇರಲಿ."

"ನೀನು ಅಲ್ಲಿರಲಿಲ್ಲ ಪ್ರದೀಪ."

ಹಾಗೆ ಹೇಳಬಾರದಿತ್ತೇನೋ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಸರಿ. ಬರೀರಿ. ಅವರಿಗೆ ಬೇಸರ ಬರುವವರೆಗೆ ಬರೆಯೋಣ," ಎಂದ. ಆಮೇಲೆ ಒಮ್ಮೆಯೂ ಆ ಗುರುತಿನ ಮಾತೆತ್ತಲಿಲ್ಲ.

ಹೀಗೆ ಬರೆದು ಬರೆದು, ಒಂದು ಸಲ ಬೇರೆ ರೀತಿಯ ಉತ್ತರ ಬಂತು. ಯಾರೋ ಮನುಷ್ಯರು ನೋಡಿದ್ದರು. ನಮ್ಮ ಕೆಂಪು ಪರದೆಯ ಚಿತ್ರ ಕಳಿಸಿ, ಒಂದು ಜಾಗಕ್ಕೆ ಸುತ್ತು ಹಾಕಿದ್ದರು. ಸುತ್ತಿನ ಒಳಗೆ ದೊಡ್ಡ ಅಕ್ಷರದಲ್ಲಿ 'ರಾಜೀವ ಐಸ್ ಪ್ಲಾಂಟ್ ಕೊಡುಗೆ' ಎಂದಿತ್ತು. ಒಂದು ವ್ಯಾಪಾರದ ಹೆಸರು ಇಲ್ಲಿ ಯಾಕಿದೆ, ಇದಕ್ಕಾಗಿ ಅವರು ನಿಮಗೆ ಹಣ ಕೊಟ್ಟಿದ್ದಾರೆಯೇ ಎಂದು ಕೇಳಿದ್ದರು.

ಕೊಡುಗೆಗೂ ಜಾಹೀರಾತಿಗೂ ಏನು ವ್ಯತ್ಯಾಸ ಎಂದು ಇಂಗ್ಲಿಷಿನಲ್ಲಿ ಬರೆಯಲು ಕೂತರೆ, ಬರೆದದ್ದೆಲ್ಲ ನನಗೇ ಪೊಳ್ಳೆನಿಸಿತು. ಶೆಟ್ರನ್ನು ಕೇಳುವುದೇ ದಾರಿ.

ಮಳೆಗಾಲದಲ್ಲಿ ಐಸ್ ಪ್ಲಾಂಟು ಅರ್ಧ ನಿದ್ದೆಯಲ್ಲಿರುತ್ತದೆ. ದೊಡ್ಡ ಬೋಟುಗಳಿಲ್ಲ, ನಾಡದೋಣಿಗಳಿಗೆ ಬೇಕಾದಷ್ಟು ಮಾತ್ರ ಐಸು. ಒಂದೇ ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಶೆಟ್ರು ಸ್ವೆಟರ್ ಹಾಕಿಕೊಂಡು ಚಾ ಕುಡಿಯುತ್ತಿದ್ದರು. ವಿಷಯ ಕೇಳಿ ಲೋಟ ಕೆಳಗಿಟ್ಟರು.

"ಎಂತ? ನನ್ನ ಹೆಸ್ರ್ ಹಾಕ್ರೆ ಜಾಹೀರಾತ್ ಅಂಬ್ರಾ? ಹಂಗಾರೆ ದೇವಸ್ಥಾನದ ಮೆಟ್ಲ್ ಮೇಲೆ ಇಪ್ಪುದೆಲ್ಲ ಎಂತ?"

"ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ ಶೆಟ್ರೆ."

"ಗೊತ್ತಿಲ್ದಿದ್ರೆ ಹೇಳಿ. ನೀವ್ ಕಲ್ತವ್ರಲ್ದಾ? ಇಂಗ್ಲಿಷಂಗೆ ಸಮಾ ಬರೀರಿ."

"ಬರ್ದೆ. ಒಪ್ತಿಲ್ಲ. ಹೆಸರು ತೆಗೆದರೆ…"

"ತೆಗುಕಿಲ್ಲೆ."

ಆಮೇಲೆ ಅವರು ಸ್ವರ ತಗ್ಗಿಸಿದರು. "ಕಾಣಿ ಟೀಚರ್ರೆ, ಮುಂಬೈಯಂಗೆ ನಾನ್ ಇಡೀ ಆಯುಷ್ಯ ಹೋಟ್ಲ್ ನಡ್ಸ್ದೆ. ಬೋರ್ಡಿನ ಮೇಲೆ ಯಾರ್ದೋ ಹೆಸ್ರ್. ಲೈಸೆನ್ಸಿನಂಗೆ ಯಾರ್ದೋ ಹೆಸ್ರ್. ಗಿರಾಕಿಗಳ್ ನನ್ನ ಕರೂದ್ ಆ ಹೆಸ್ರಂಗೇ. ನಾನೂ ಹ್ವಾಯ್ ಅಂದೇಳಿ ಓಗೊಡುದ್. ಊರಿಗ್ ಬಂದೇ ನನ್ನ ಹೆಸ್ರ್ ನಾನ್ ಬರ್ಸದ್. ನಿಮ್ಗ್ ಅದ್ ಗೊತ್ತಾತಿಲ್ಲೆ."

ಗೊತ್ತಾಯಿತು. ಗೊತ್ತಾದದ್ದರಿಂದಲೇ ಹೆಚ್ಚು ಒತ್ತಾಯಿಸದೆ ಎದ್ದೆ. ಹೊರಗೆ ಬಂದಾಗ ಬಟ್ಟೆಗೆಲ್ಲ ಅಮೋನಿಯಾ ವಾಸನೆ ಅಂಟಿತ್ತು.

ಉಳಿದದ್ದು ಒಂದೇ. ಹೆಸರು ಇದ್ದರೂ ಇಲ್ಲದಿದ್ದರೂ, ಆ ಪರದೆ ಮುಚ್ಚಲು ಬರಬಾರದು ಎಂದು ಸ್ಟೋರಿನವರಿಗೆ ಕಣ್ಣಾರೆ ತೋರಿಸುವುದು. ಅದಕ್ಕೆ ಬೇಕಾದ್ದು ನನ್ನ ಫೋನಿನಲ್ಲೇ ಇತ್ತು. ಆ ಬೆಳಗಿನ ವಿಡಿಯೊ. ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ತಲೆಯಲ್ಲಿ ಹೇಳದೆ ಕೇಳದೆ ಓಡುತ್ತಿದ್ದುದನ್ನು ಕೈಯಾರೆ ಯಾಕೆ ಓಡಿಸಲಿ ಎಂದು ಬಿಟ್ಟಿದ್ದೆ.

ಸಂಸ್ಥೆಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸದ್ದು ತೆಗೆದು, ಪ್ರದೀಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ನನ್ನ ನೆನಪಿನಲ್ಲಿ ತೆರೆ ಇನ್ನೂ ದೊಡ್ಡದಿತ್ತು. ವಿಡಿಯೊದಲ್ಲಿ ಅದು ಸಾಧಾರಣ. ಅದೇ ಹೆಚ್ಚು ಹೆದರಿಸಿತು. ದೋಣಿ ಮಗುಚುವಲ್ಲಿಗೆ ಬಂದಾಗ ನಿಲ್ಲಿಸಿದೆ. ಪ್ರದೀಪ, "ಸ್ವಲ್ಪ ಹಿಂದೆ ಹೋಗಿ ಟೀಚರೇ," ಎಂದ. ಹಿಂದೆ ಹೋದೆ. "ಇನ್ನೂ ಹಿಂದೆ. ನಿಧಾನ."

ಗಣಪಣ್ಣನ ಎದೆಯ ಮೇಲಿನ ಚೀಲದಲ್ಲಿ ಫೋನು ಬೆಳಗುತ್ತದೆ. ಅವನು ತಲೆ ತಗ್ಗಿಸಿ ನೋಡುತ್ತಾನೆ. ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳು ಪಕ್ಕಕ್ಕೆ ಸರಿಯುತ್ತದೆ. ಬೆಳಕು ಹೋಗುತ್ತದೆ. ಮತ್ತೆ ಬೆಳಗುತ್ತದೆ. ಈ ಸಲ ಅವನು ನೋಡುವುದೂ ಇಲ್ಲ. ಹೆಬ್ಬೆರಳು ಮತ್ತೆ ಸರಿಯುತ್ತದೆ.

ಫೋನು ಬಡಿದುಕೊಂಡಿತ್ತು. ನಾರ್ಣಜ್ಜ ಎರಡು ಸಲವೂ ಸರಿಯಾಗಿಯೇ ಒತ್ತಿದ್ದರು.

ಅವನನ್ನು ಕೇಳದೆ ಅದನ್ನು ಯಾರಿಗೂ ಕಳಿಸಲು ಮನಸ್ಸು ಬರಲಿಲ್ಲ. ಭಾನುವಾರ ಇಬ್ಬರೂ ಅವನ ಮನೆಗೆ ಹೋದೆವು. ಗಣಪಣ್ಣ ಜಗಲಿಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಅವನ ಹೆಂಡತಿ ಸುಶೀಲಕ್ಕ ಬಂಗುಡೆ ಕೊಯ್ಯುತ್ತಿದ್ದರು.

"ಬನ್ನಿ ಬೂಟ್ ಮಾಷ್ಟ್ರೆ. ಬೂಟ್ ಹೊರ್ಗೆ," ಎಂದ ಗಣಪಣ್ಣ.

ನಾನು ವಿಷಯ ಹೇಳಿ ಫೋನ್ ಕೊಟ್ಟೆ. ಅವನು ನೋಡಿದ. ಮಗುಚುವುದನ್ನೂ ನೋಡಿದ. ಮುಖ ಸಣ್ಣದಾಯಿತು. ಆಮೇಲೆ ತಾನೇ ಹಿಂದಕ್ಕೆ ಎಳೆದು, ಹೆಬ್ಬೆರಳಿನ ಜಾಗವನ್ನು ಮತ್ತೆ ನೋಡಿದ. ಸುಶೀಲಕ್ಕ ಕತ್ತಿ ಬಿಟ್ಟು ಬಂದು ಹೆಗಲ ಮೇಲಿಂದ ಬಗ್ಗಿದರು.

"ಇದೇ ಕಾಣಿ," ಎಂದರು ಅವರು. "ಬೆಳಿಗ್ಗೆ ಎದ್ರೆ ಇದೇ ಕೆಲ್ಸ. ಸಾಲ ಕೊಡ್ತ್ ಅಂಬ್ದೊಂದ್, ಇಸ್ಪೀಟ್ ಆಡಿ ಅಂಬ್ದೊಂದ್, ಎಲ್ಲದನ್ನೂ ದೂಡುದೇ. ಉಣ್ಣುವತಿಗೂ ದೂಡುದೇ. ಬೆರ್ಳಿಗ್ ಅಭ್ಯಾಸ ಆಯ್ ಹೋಯ್ತ್. ನಾನ್ ಫೋನ್ ಮಾಡ್ರೂ ದೂಡ್ತ್ರ್!"

"ಸುಮ್ನಾಗೆ," ಎಂದ ಗಣಪಣ್ಣ. ಆಮೇಲೆ ನಿಧಾನವಾಗಿ ಹೇಳಿದ: "ಈಗ ನೆನ್ಪಾತ್ತ್. ಮೇಲೆ ಐಸ್ ಪ್ಲಾಂಟ್ ಅಂದೇಳಿ ಇದ್ದಿತ್. ಶೆಟ್ರ್ ದಿನಾ ಐಸಿನ ರೇಟ್ ಕಳಿಸ್ತ್ರಲೆ? ಅದೇ ಬಂತ್ ಅಂದೇಳಿ ಮಾಡ್ದೆ."

ಮಾಡಿನಿಂದ ನೀರು ಸುರಿಯುತ್ತಿತ್ತು. ನಮ್ಮ ಸಂದೇಶ ಫೋನಿನ ಮೇಲೆ ಬಂದಾಗ ಕಾಣುತ್ತಿದ್ದುದು ಮೊದಲ ನಾಲ್ಕು ಮಾತು ಮಾತ್ರ. ಆ ನಾಲ್ಕೂ ಕೊಡುಗೆಯ ಮಾತು. 'ಅಪಾಯ, ನಿಲ್ಲಿ' ಎಂಬುದು ಅದರ ಆಚೆಗಿತ್ತು. ಎಲ್ಲೋ ಕೂತು ಸುತ್ತು ಹಾಕಿದ ಆ ಮನುಷ್ಯರಿಗೆ ನಾವು ಇಷ್ಟು ದಿನ ಇದು ಜಾಹೀರಾತಲ್ಲ ಎಂದು ಬರೆಯುತ್ತಿದ್ದೆವು. ಗಣಪಣ್ಣನ ಹೆಬ್ಬೆರಳಿಗೂ ಅದು ಜಾಹೀರಾತೇ ಆಗಿತ್ತು.

"ನನ್ನ ಮುಖ ಕಾಂತ್ತಾ ಅದ್ರಂಗೆ?" ಎಂದು ಕೇಳಿದ ಗಣಪಣ್ಣ.

"ಕಾಣತ್ತೆ. ಬೇಡದಿದ್ದರೆ ಮಸುಕು ಮಾಡ್ತೇವೆ," ಎಂದ ಪ್ರದೀಪ.

"ಮುಖ ಇರ್ಲಿ. ಕಳ್ಸಿ." ಅವನು ಎದ್ದ. "ನಾರ್ಣಜ್ಜನ ಮನಿಗ್ ಹೋಯ್ ಬತ್ತೆ. ಆಮೇಲ್ ಶೆಟ್ರಲ್ಲಿಗೆ ಹೋಪ. ನೀವಿಬ್ರೇ ಹೋರೆ ಅವ್ರ್ ಚಾ ಕೊಟ್ ಕಳಿಸ್ತ್ರ್."

ನಾರ್ಣಜ್ಜನ ಅಂಗಳದಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ನಾವು ಬೇಲಿಯ ದಣಪೆಯ ಹೊರಗೆ ಕೊಡೆ ಹಿಡಿದು ನಿಂತಿದ್ದೆವು. ಅಜ್ಜ ಒಮ್ಮೆ ಗಣಪಣ್ಣನ ಮುರಿಯದ ಹೆಗಲಿಗೆ ಹೊಡೆದದ್ದು ಕಂಡಿತು. ಹಿಂದಿರುಗಿ ಬರುವಾಗ ಅವನು ಮೂಗು ಒರೆಸಿಕೊಳ್ಳುತ್ತಿದ್ದ.

ಶೆಟ್ರು ವಿಡಿಯೊವನ್ನು ನಿಂತುಕೊಂಡೇ ನೋಡಿದರು. ಗಣಪಣ್ಣ ಸುತ್ತಿ ಬಳಸಲಿಲ್ಲ. "ನಿಮ್ಮ ಹೆಸ್ರ್ ಕಂಡೆ ಶೆಟ್ರೆ. ಕಂಡದ್ದಕ್ಕೇ ದೂಡ್ದೆ."

ಶೆಟ್ರು ಕುರ್ಚಿಯನ್ನು ಕೈಯಲ್ಲಿ ತಡವಿ ಕೂತರು. ಐಸು ಪುಡಿ ಮಾಡುತ್ತಿದ್ದವರು ಬಾಗಿಲಲ್ಲಿ ಇಣುಕಿ ವಾಪಸು ಹೋದರು.

"ನನ್ನ ಹೆಸ್ರ್ ಕಂಡ್," ಎಂದರು ಶೆಟ್ರು ಕೊನೆಗೆ. ಪ್ರಶ್ನೆಯೂ ಅಲ್ಲ, ಮಾತೂ ಅಲ್ಲ ಎನ್ನುವ ಹಾಗೆ.

"ಹೌದ್."

ಶೆಟ್ರು ನನ್ನ ಕಡೆ ತಿರುಗಿದರು. "ತೆಗ್ದ್ ಹಾಕಿ ಟೀಚರ್ರೆ. ಕೆಂಪಿನಂಗೆ ಬ್ಯಾಡ. ನಾನ್ ಆ ಫ್ಯಾನಿಗ್ ಸುಮ್ನೆ ಬೈದೆ. ಅದ್ ತಿರ್ಗುವತಿಗೆ ಹೆಸ್ರ್ ಕಾಂಬುಕ್ ಆಗ. ನಿತ್ತ ಮೇಲೆ ಕಂಡ್ರೆ ಸಾಕ್." ಆಮೇಲೆ, "ಖರ್ಚ್ ನಾನೇ ಕೊಡ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲೆ," ಎಂದರು.

ಗಣಪಣ್ಣ ಬಾಗಿಲ ಹತ್ತಿರ ನಿಂತು, "ಐಸಿನ ರೇಟೂ ಸ್ವಲ್ಪ ಇಳ್ಸ್ರೆ…" ಎಂದ.

"ಹೋಗಾ ಅತ್ಲಾಗೆ!"

ಕೆಂಪು ಪರದೆಯಿಂದ ಎಲ್ಲ ಹೆಸರುಗಳನ್ನೂ ತೆಗೆದೆವು. ಉಳಿದದ್ದು ಒಂದೇ ಮಾತು, 'ನಿಲ್ಲಿ', ಇಡೀ ಪರದೆಯಷ್ಟು ದೊಡ್ಡದಾಗಿ. ಅಳಿವೆ ಶಾಂತವಾಗಿದ್ದಾಗ ಕಾಣುವ ಹಸಿರು ಪರದೆಯ ಕೆಳಗೆ ಶೆಟ್ರ ಹೆಸರು ಹಾಕಿದೆವು. ಸ್ಟೋರಿನವರಿಗೆ ನಾನು ಮತ್ತೆ ಬರೆದೆ. ಹೆಸರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ತೆಗೆದಿದ್ದೇವೆ. ಮುಚ್ಚುವ ಗುರುತಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯಲ್ಲ, ಅದನ್ನು ಹಾಕುವುದಿಲ್ಲ. ಯಾಕೆಂದು ಈ ವಿಡಿಯೊ ನೋಡಿ. ಹೆಬ್ಬೆರಳು ಸರಿಯುವ ಜಾಗಕ್ಕೆ ಈ ಸಲ ನಾವು ಸುತ್ತು ಹಾಕಿದ್ದೆವು.

ಮತ್ತೆ ರಿಜೆಕ್ಟ್ ಆಯಿತು. ಹಳೆಯ ಸಾಲುಗಳೇ. ಪ್ರದೀಪ ಮೇಜಿಗೆ ಗುದ್ದಿದ. ನಾನು ಅದೇ ಮಾತುಗಳನ್ನು, ಅದೇ ವಿಡಿಯೊವನ್ನು ಮತ್ತೆ ಕಳಿಸಿದೆ. ಮನುಷ್ಯರು ನೋಡಲಿ, ಮನುಷ್ಯರು ನೋಡುವವರೆಗೆ ದಿನಾ ಕಳಿಸುತ್ತೇನೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಬೆಳಿಗ್ಗೆ ಬಿದಿರು ಹಿಡಿಯುವುದು, ಮಧ್ಯಾಹ್ನ ಪಾಠದ ನಡುವೆ ಬರೆಯುವುದು. ವಿಡಿಯೊ ಸರಿಯಾಗಿ ಸೇರಿದೆಯೇ ಎಂದು ಕಳಿಸುವ ಮೊದಲು ಪ್ರತಿ ಸಲವೂ ನೋಡಬೇಕಿತ್ತು. ಮೊದಮೊದಲು ಕೈ ಬೆವರುತ್ತಿತ್ತು. ಆಮೇಲೂ ಬೆವರುತ್ತಿತ್ತು, ಆದರೆ ಕೈ ನಿಲ್ಲಲಿಲ್ಲ.

ಆಸಾಡಿ ತಿಂಗಳು ಅರ್ಧ ಕಳೆದಿರಬಹುದು. ಕುಂದಾಪುರದಿಂದ ಮನೆಗೆ ಬರುವ ಬಸ್ಸಿನಲ್ಲಿ ನಿಂತಿದ್ದಾಗ ಪ್ರದೀಪ ಫೋನ್ ಮಾಡಿದ. ಮಳೆಯ ಸದ್ದಿಗೆ ಏನೂ ಕೇಳಿಸಲಿಲ್ಲ. "ಏನು?" ಎಂದು ಕೂಗಿದೆ. "ಒಪ್ಪಿದರು ಟೀಚರೇ, ಒಪ್ಪಿದರು!" ಎಂದು ಅವನು ಅತ್ತಲಿಂದ ಕಿರುಚಿದ್ದು ಇಡೀ ಬಸ್ಸಿಗೆ ಕೇಳಿತು. ಹಿಂದಿನ ಸೀಟಿನ ಮುದುಕರೊಬ್ಬರು, "ಗಂಡಿನ ಕಡಿಯವ್ರಾ?" ಎಂದು ಕೇಳಿದರು. ನಾನು ಹೌದು ಎಂದುಬಿಟ್ಟೆ.

ಅದರ ನಂತರ ಒಂದು ಬೆಳಿಗ್ಗೆ ಮಳೆ ಪರದೆ ಕಟ್ಟಿದ ಹಾಗೆ ಸುರಿಯುತ್ತಿತ್ತು. ಬಿದಿರಿನ ತುದಿಯ ನನ್ನ ಶಾಲು ನನಗೇ ಕಾಣುತ್ತಿರಲಿಲ್ಲ. ಗಣಪಣ್ಣ ಹೆಗಲು ಕೂಡಿಕೊಂಡು ಮತ್ತೆ ಕಡಲಿಗೆ ಇಳಿದಿದ್ದ, ಎಂಜಿನ್ನಿಗೆ ಬೇರೆಯವರು, ಅವನು ಮುಂದೆ. ವಾಪಸು ಬರುತ್ತಿದ್ದ ದೋಣಿಯ ಎಂಜಿನ್ನಿನ ಸದ್ದು ಕೇಳುತ್ತಿತ್ತು. ನಾರ್ಣಜ್ಜ ಕಣ್ಣು ಕಿರಿದು ಮಾಡಿ, ತೆರೆಯ ಸದ್ದಿಗೆ ಕಿವಿ ಕೊಟ್ಟು ಕೆಂಪು ಒತ್ತಿದರು.

ಮಳೆಯ ಒಳಗಿಂದ ಒಂದು ಕೂಗು ಎದ್ದಿತು. ಫೋನಿನ ಕೂಗು. ಎಂಜಿನ್ನಿನ ಸದ್ದು ತಗ್ಗಿತು. ಮಳೆ ಸ್ವಲ್ಪ ತೆಳುವಾದಾಗ ದೋಣಿ ಕಂಡಿತು, ಅಳಿವೆಯ ಆಚೆ, ನಿಂತಿತ್ತು. ಗಣಪಣ್ಣನ ಎದೆಯ ಮೇಲೆ ಕೆಂಪು ಬೆಳಕು. ಅವನ ತಲೆ ತಗ್ಗಿತ್ತು, ಕೈ ಎದೆಗೆ ಹೋಗಿತ್ತು. ನನಗೆ ಆ ಕೈ ಗೊತ್ತು. ಅದನ್ನು ಅಷ್ಟು ಸಲ ನೋಡಿದ್ದೆ. ಹೆಬ್ಬೆರಳು ಪಕ್ಕಕ್ಕೆ ಸರಿಯಿತು. ಕೆಂಪು ಹೋಗಲಿಲ್ಲ. ಮತ್ತೆ ಸರಿಯಿತು. ಹೋಗಲಿಲ್ಲ. ಅವನು ದೂಡುತ್ತಲೇ ಇದ್ದ, ಬೈಯುತ್ತಲೂ ಇದ್ದಿರಬೇಕು. ಅಷ್ಟು ಹೊತ್ತಿಗೆ ಅವನ ದೋಣಿಯ ಮುಂದೆ, ಅದು ಇರಬೇಕಾಗಿದ್ದ ಜಾಗದಲ್ಲಿ, ತೆರೆಗಳು ಒಂದರ ಹಿಂದೆ ಒಂದು ಎದ್ದು ಬಿದ್ದು ಬಿಳಿಯಾಗಿ ಹೋದವು.

ಆ ವಿಡಿಯೊ ನನ್ನ ಫೋನಿನಲ್ಲಿ ಈಗಲೂ ಇದೆ. ಆಪ್ ಹೊಸದು ಮಾಡಿ ಕಳಿಸಿದಾಗಲೆಲ್ಲ ಸ್ಟೋರಿನವರು ಮತ್ತೆ ಅದೇ ನಿಯಮ ತೋರಿಸಿ ರಿಜೆಕ್ಟ್ ಮಾಡುತ್ತಾರೆ. ನಾನು ಮತ್ತೆ ಬರೆಯುತ್ತೇನೆ, ವಿಡಿಯೊ ಮತ್ತೆ ನೋಡುತ್ತೇನೆ, ಮತ್ತೆ ಕಳಿಸುತ್ತೇನೆ. ಈ ಮಳೆಗಾಲದ್ದನ್ನು ನಿನ್ನೆ ಕಳಿಸಿದೆ.